ಕಾಂಪೌಂಡಿನಾಚೆಯ ಡಿಕ್ ಟ್ರೇಸಿ

"ನಿನ್ನೇದು ನೋಡಿದ್ರಾ?" ಎಂದು ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ ಅದು ಕ್ರಿಕೆಟ್ಟು, ಇಲ್ಲವೇ ಧಾರಾವಾಹಿ. ಪಕ್ಕದ ಮನೆ ಮೇಷ್ಟ್ರು ಕೇಳಿದರೆ ಮಾತ್ರ ಅದು ಡಿಕ್ ಟ್ರೇಸಿ, ಅಮೆರಿಕದ ಪತ್ರಿಕೆಗಳಲ್ಲಿ ದಿನಕ್ಕೊಂದು ತುಣುಕಾಗಿ ಬರುವ ಪತ್ತೇದಾರಿ ಕಾಮಿಕ್ಸ್. ಅವರ ಮಗಳು ಷಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದಾಳೆ. ಆ ಊರಿನಲ್ಲಿ ಈ ಪತ್ತೇದಾರನಿಗೆ ಒಂದು ಪ್ರತಿಮೆಯೇ ಇದೆ; ಬಹುಕಾಲ ಅವನ ಚಿತ್ರ ಬರೆದ ಡಿಕ್ ಲೋಕರ್ ಅಲ್ಲಿಯವರಂತೆ. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಚಾಕೊಲೇಟು ತರುತ್ತಾರೆ, ಮೇಷ್ಟ್ರು ಈ ಹುಚ್ಚು ಹಿಡಿಸಿಕೊಂಡು ಬಂದರು. ನನಗೂ ಅಂಟಿಸಿದರು. ಈಗ ಬೆಳಗ್ಗೆ ಗಿಡಕ್ಕೆ ನೀರು ಹಾಕುವ ಹೊತ್ತಿಗೆ ಕಾಂಪೌಂಡಿನ ಮೇಲೆ ಅವರ ಮೊಬೈಲು, ಈಚೆ ನನ್ನ ಕನ್ನಡಕ.

"ನಮ್ಮ ಕಾಲದಲ್ಲಿ ಇವನು ಎಲ್ಲಿ ಅಡಗಿದ್ದ ಮೇಷ್ಟ್ರೇ? ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಬಂದ, ಮಾಂಡ್ರೇಕ್ ಬಂದ, ಆ ಕನ್ನಡಕದ ರಿಪ್ ಕಿರ್ಬಿಯೂ ಬಂದ. ಇವನನ್ನು ಕಂಡ ನೆನಪೇ ಇಲ್ಲ."

"ಅವರೆಲ್ಲ ಪತ್ರಿಕೆಗಳಿಗೆ ಕಾಮಿಕ್ಸ್ ಹಂಚುವ ಕಿಂಗ್ ಫೀಚರ್ಸ್ ಮನೆಯವರು ಕಣ್ರೀ. ಇವನದು ಷಿಕಾಗೊ ಟ್ರಿಬ್ಯೂನ್ ಮನೆತನ. ಆ ಮನೆಗೂ ಈ ಮನೆಗೂ ಹೋಗಿಬರುವ ಬಳಕೆ ಇರಲಿಲ್ಲ," ಎಂದರು, ಹೆಣ್ಣು ಕೊಡುವವರ ಗೋತ್ರ ಹೇಳುವ ಗತ್ತಿನಲ್ಲಿ.

ಚೆಸ್ಟರ್ ಗೌಲ್ಡ್ ಎಂಬ ಮಹಾರಾಯ 1931ರ ಅಕ್ಟೋಬರ್ 4ರಂದು ಶುರುಮಾಡಿದ ಕಥೆ ಇದು. 1977ರ ಕ್ರಿಸ್‌ಮಸ್ ದಿನದವರೆಗೆ, ಅಂದರೆ ನಲವತ್ತಾರು ವರ್ಷ, ತಾನೇ ನಡೆಸಿದ. ಅಲ್ ಕಪೋನ್ ಕಾಲದ ಷಿಕಾಗೊ ಅದು. ಪೊಲೀಸರ ಕೈಲಾಗದ ಪುಂಡರನ್ನು ಕಾಗದದ ಮೇಲಾದರೂ ಹೊಡೆಯಬೇಕು ಅನ್ನುವ ಸಿಟ್ಟು ಆ ಗೆರೆಗಳಲ್ಲಿ ಕಾಣುತ್ತದೆ. ಖಳರಂತೂ ಒಬ್ಬೊಬ್ಬರೂ ಒಂದೊಂದು ಅಪರೂಪ. ತಲೆ ಮಣೆಯ ಹಾಗೆ ಚಪ್ಪಟೆಯಾದ ಫ್ಲ್ಯಾಟ್‌ಟಾಪ್, ಮುಖವೆಲ್ಲ ಸುಕ್ಕಾದ ಪ್ರೂನ್‌ಫೇಸ್, ಏನು ಹೇಳಿದರೂ ತುಟಿಯೊಳಗೇ ಉಳಿಯುವ ಮಂಬಲ್ಸ್. ಬ್ಯಾಟ್‌ಮ್ಯಾನ್‌ನ ವಿಕಾರ ಖಳರಿಗೆ ಇವರು ನೆಂಟರು.

ಗೌಲ್ಡನ ಕಣ್ಣು ಯಾವಾಗಲೂ ಮುಂದಕ್ಕೆ. 1946ರ ಜನವರಿಯಲ್ಲಿ ಟ್ರೇಸಿಯ ಕೈಗೆ ಗಡಿಯಾರದಂತೆ ರೇಡಿಯೊ ಕಟ್ಟಿದ. ಮಾತಾಡಬಹುದು, ಕೇಳಲೂಬಹುದು. ವಾಕಿಟಾಕಿಯ ಆಲ್ ಗ್ರಾಸ್‌ನ ಕೆಲಸ ಕಂಡು ಹೊಳೆದದ್ದಂತೆ. 1964ಕ್ಕೆ ಆ ರೇಡಿಯೊ ಟಿವಿಯಾಯಿತು. ಮೊಬೈಲ್ ಫೋನ್ ರೂಪಿಸಿದ ಮಾರ್ಟಿನ್ ಕೂಪರ್ ಕೂಡ ಈ ಕೈಗಡಿಯಾರಕ್ಕೆ ತನ್ನ ಋಣ ಒಪ್ಪಿಕೊಂಡಿದ್ದಾನೆ. ಆಮೇಲೆ ಗೌಲ್ಡ್ ಮಿತಿ ಮೀರಿದ ಅನ್ನಿ. ಪತ್ತೇದಾರನನ್ನು ಚಂದ್ರಲೋಕಕ್ಕೇ ಕಳಿಸಿ, ಅಲ್ಲಿಯ ಕನ್ಯೆಯನ್ನು ಟ್ರೇಸಿಯ ಸಾಕುಮಗನಿಗೆ ತಂದುಕೊಂಡ. 1969ರಲ್ಲಿ ಮನುಷ್ಯರು ನಿಜವಾಗಿಯೂ ಹೋಗಿ ನೋಡಿದರೆ ಅಲ್ಲಿ ಬೀಗರು ಯಾರೂ ಇರಲಿಲ್ಲ. ಗೌಲ್ಡ್ ಮೆತ್ತಗೆ ಭೂಮಿಗಿಳಿದ.

ನನ್ನ ತಕರಾರು ಇಲ್ಲೇ ಇರುವುದು. "ಮೂವತ್ತು ವರ್ಷ ಆಚೆಯದನ್ನು ನೋಡುತ್ತಿದ್ದ ಟ್ರೇಸಿ, ಮೇಷ್ಟ್ರೇ, ಈಗ ಐವತ್ತು ವರ್ಷ ಹಿಂದಿನದನ್ನೇ ಕೆದಕುತ್ತಾ ಕೂತಿದ್ದಾನಲ್ಲ!"

2011ರ ಮಾರ್ಚಿನಲ್ಲಿ ಮೈಕ್ ಕರ್ಟಿಸ್ ಕಥೆಗೂ ಜೋ ಸ್ಟೇಟನ್ ಚಿತ್ರಕ್ಕೂ ಬಂದ ಮೇಲೆ ಈ ಹಳೆಯ ನೆನಪಿನ ಮಳಿಗೆ ತೆರೆಯಿತು. ಸ್ಟೇಟನ್ ಅದಕ್ಕೂ ಮೊದಲು ವರ್ಷಗಟ್ಟಲೆ ಟಿವಿಯ ಸ್ಕೂಬಿ ಡೂ ಕಾರ್ಟೂನಿನ ಕಾಮಿಕ್ಸಿಗೆ ಚಿತ್ರ ಬರೆದವರು; ಟಿವಿಯ ಧೂಳು ಕೈಗೆ ಅಂಟಿಯೇ ಇತ್ತು. ಅಲ್ಲಿಂದ ಮುಂದೆ ಅಭಿಮಾನಿಗಳಿಗೆ ಕಳ್ಳನಿಗಿಂತ ಹಿನ್ನೆಲೆಯೇ ಮುಖ್ಯವಾಯಿತು. ಗೋಡೆಯ ಮೇಲೆ ಯಾವ ಪೋಸ್ಟರಿದೆ? ಅಂಗಡಿ ಬೋರ್ಡಿನ ಹೆಸರು ಯಾವ ಸೀರಿಯಲ್ಲಿನದು? ಹಿಂದೆ ಟೋಪಿ ಹಾಕಿ ನಿಂತವನ ಮೂಗು ಯಾವ ನಟನದು? ಟ್ರೇಸಿ ಕೊಲೆಗಾರನನ್ನು ಹುಡುಕುತ್ತಿದ್ದರೆ ಓದುಗರು ಟ್ರೇಸಿಯ ಬೆನ್ನ ಹಿಂದೆ ತಮ್ಮ ಬಾಲ್ಯ ಹುಡುಕುತ್ತಾರೆ.

"ಇದೇನು ಹೊಸದಲ್ಲ," ಎಂಬುದು ಮೇಷ್ಟ್ರ ವಾದ. "ಒಗಟು ಇಡೋದು ಗೌಲ್ಡನ ಕಾಲದ ಚಾಳಿ."

"ಆದರೆ ಅವನ ಒಗಟು ಬಿಡಿಸೋಕೆ ಅರವತ್ತಾರರಲ್ಲಿ ಟಿವಿ ನೋಡಿರಬೇಕು ಅಂತ ಇರಲಿಲ್ಲವಲ್ಲ."

2018ರಲ್ಲಿ ಗ್ರೀನ್ ಹಾರ್ನೆಟ್ ಟ್ರೇಸಿಯ ಊರಿಗೆ ಬಂದಾಗ ಮೇಷ್ಟ್ರಿಗೆ ಹಬ್ಬ. 1936ರಲ್ಲಿ ರೇಡಿಯೊದಲ್ಲಿ ಹುಟ್ಟಿದ ಮುಸುಕುಧಾರಿ ಅವನು. 1966ರಲ್ಲಿ ಟಿವಿಗೆ ಬಂದ, ಒಂದೇ ವರ್ಷಕ್ಕೆ ಮುಗಿದ. ಇಷ್ಟು ಹೇಳಿ ಬಿಡುವವರಲ್ಲ ಮೇಷ್ಟ್ರು. "ಆ ಮುಸುಕಿನ ಕೌಬಾಯ್ ಲೋನ್ ರೇಂಜರ್ ಗೊತ್ತಲ್ಲ? ಅವನು ಇವನ ಅಪ್ಪನಿಗೆ ಸ್ವಂತ ಚಿಕ್ಕಪ್ಪ ಆಗಬೇಕು!" ಎಂದು ವಂಶಾವಳಿ ಬಿಚ್ಚಿದರು. ಗ್ರೀನ್ ಹಾರ್ನೆಟ್ ಸೀರಿಯಲ್ ತೆಗೆದ ವಿಲಿಯಂ ಡೋಜಿಯರ್‌ನೇ ಬ್ಯಾಟ್‌ಮ್ಯಾನ್ ತೆಗೆದವನು. ಅವನೇ 1967ರಲ್ಲಿ ಡಿಕ್ ಟ್ರೇಸಿಗೂ ಒಂದು ಮಾದರಿ ಕಂತು ಮಾಡಿದ, ಯಾವ ಚಾನೆಲ್ಲೂ ಕೊಳ್ಳಲಿಲ್ಲ. ಟಿವಿಯಲ್ಲಿ ಒಂದೇ ಯಜಮಾನನ ಕೈಕೆಳಗೆ ಇರಬೇಕಾಗಿದ್ದ ಇಬ್ಬರು ಅರ್ಧ ಶತಮಾನ ದಾಟಿದ ಮೇಲೆ ಕಾಗದದ ಮೇಲೆ ಭೇಟಿಯಾದರು. ಈ ಮಾತಿಗೆ ನಾನೂ ಸೋತೆ, ಚೆನ್ನಾಗಿದೆ.

ಅಷ್ಟರಲ್ಲಿ ಎದುರು ಮನೆ ಹುಡುಗ ಪೇಪರು ಎತ್ತಿಕೊಳ್ಳಲು ಬಂದ. "ಏನೋ, ಗ್ರೀನ್ ಹಾರ್ನೆಟ್ ಗೊತ್ತಾ?" ಗೊತ್ತಿಲ್ಲ. "ಅವನ ಕಾರು ಓಡಿಸ್ತಿದ್ದ ಕೇಟೊ?" ಅದೂ ಇಲ್ಲ. "ಕೇಟೊ ಪಾತ್ರ ಮಾಡಿದ್ದು ಬ್ರೂಸ್ ಲೀ ಕಣೋ!" ಹುಡುಗನ ಕಣ್ಣು ಅರಳಿತು. ಹೀರೊ ಮಾಡಿದ ವ್ಯಾನ್ ವಿಲಿಯಮ್ಸ್‌ನನ್ನು ಈಗ ಯಾರು ಕೇಳುತ್ತಾರೆ? ಹಾಂಗ್‌ಕಾಂಗ್‌ನವರಂತೂ ಆ ಸೀರಿಯಲ್ಲನ್ನೇ ಕೇಟೊ ಷೋ ಅಂತ ಕರೆದರು.

ಒಳಗಿನಿಂದ ಮೇಷ್ಟ್ರ ಮನೆಯವರು, "ಹಾಲಿನವನಿಗೆ ಎಷ್ಟು ಕೊಡಬೇಕು ಅಂತ ನೆನಪಿರಲ್ಲ, ಯಾರದೋ ಕಾರಿನ ಡ್ರೈವರ್ ಹೆಸರು ಬಾಯಿಪಾಠ!" ಎಂದರು. ಮೇಷ್ಟ್ರು ಒಂದು ನಿಮಿಷ ಗುಲಾಬಿ ಗಿಡ ನೋಡಿದರು.

ಆದರೆ ಅವರ ಕೈಯಲ್ಲಿ ಇನ್ನೊಂದು ಎಲೆ ಇತ್ತು. ಅನಾಥೆ ಆ್ಯನಿ. 1924ರಿಂದ ನಡೆದಿದ್ದ ಆ ಹುಡುಗಿಯ ಕಾಮಿಕ್ಸ್ 2010ರ ಜೂನ್‌ನಲ್ಲಿ ನಿಂತುಹೋಯಿತು. ನಿಲ್ಲುವಾಗ ಕಥೆ ಮುಗಿದಿರಲೇ ಇಲ್ಲ. ಖಳ ಅವಳನ್ನು ಹೊತ್ತೊಯ್ದಿದ್ದ, ಅಷ್ಟಕ್ಕೇ ಪತ್ರಿಕೆಯವರು ಬಾಗಿಲು ಹಾಕಿದರು. ನಾಲ್ಕು ವರ್ಷ ಆ ಮಗು ಅಲ್ಲೇ. 2014ರಲ್ಲಿ ಕರ್ಟಿಸ್–ಸ್ಟೇಟನ್ ಜೋಡಿ ಅವಳ ಸಾಕುತಂದೆ ವಾರ್‌ಬಕ್ಸ್‌ನನ್ನು ಟ್ರೇಸಿಯ ಬಳಿ ಕಳಿಸಿ, ಹುಡುಗಿಯನ್ನು ಪತ್ತೆಮಾಡಿಸಿ ಮನೆ ಸೇರಿಸಿತು. ಬೇರೆಯವರ ಕಾಮಿಕ್ಸಿನಲ್ಲಿ ಕಳೆದುಹೋದವಳನ್ನು ತನ್ನ ಕಾಮಿಕ್ಸಿನಲ್ಲಿ ಹುಡುಕಿಕೊಟ್ಟ ಪತ್ತೇದಾರ ಇನ್ನೊಬ್ಬ ಇದ್ದಾನೆಯೇ? ನನಗೆ ಗಂಟಲು ಕಟ್ಟಿತು. ಆ್ಯನಿಯ ಒಂದು ಸಾಲನ್ನೂ ಹಿಂದೆ ಓದಿದವಳಲ್ಲ ನಾನು.

ಅದೇ ನನ್ನ ಅಳತೆಗೋಲು. ಹಳೆಯದು ಗೊತ್ತಿಲ್ಲದವರಿಗೂ ಕಥೆ ದಕ್ಕಿದರೆ ನೆನಪು ಕೆಲಸ ಮಾಡಿದೆ. ಬರೀ "ಇವನು ಯಾರು ಹೇಳಿ ನೋಡೋಣ" ಎಂದು ಕಣ್ಣು ಹೊಡೆದರೆ ಅದು ಗೊತ್ತಿರುವವರ ಮನೆಯ ಆರತಕ್ಷತೆ, ಉಳಿದವರು ಚಪ್ಪಲಿ ಹುಡುಕಿಕೊಂಡು ಹೊರಡಬೇಕು. ದಿನಕ್ಕೆ ಮೂರು ಚೌಕದ ಜಾಗ. ಅದರಲ್ಲಿ ಒಂದು ಚೌಕ ಹೀಗೆ ಕಣ್ಣು ಹೊಡೆಯುವುದಕ್ಕೇ ಹೋದರೆ ಕಳ್ಳ ಸಿಕ್ಕುವುದು ಯಾವಾಗ?

ನೆನಪೆಲ್ಲ ಚಿನ್ನವೂ ಅಲ್ಲ. 1961ರಲ್ಲಿ ಯುಪಿಎ ಕಂಪನಿ ತೆಗೆದ ಡಿಕ್ ಟ್ರೇಸಿ ಕಾರ್ಟೂನನ್ನೇ ನೋಡಿ. ಟ್ರೇಸಿ ಕುರ್ಚಿ ಬಿಟ್ಟು ಏಳುವುದಿಲ್ಲ. ಕೈಗಡಿಯಾರದಲ್ಲಿ ಅಪ್ಪಣೆ ಕೊಟ್ಟು ಕೂರುತ್ತಾನೆ. ಕೆಲಸಕ್ಕೆ ಹೆಮ್ಲಾಕ್ ಹೋಮ್ಸ್ ಎಂಬ ಬುಲ್‌ಡಾಗು, ಜೋ ಜಿಟ್ಸು ಎಂಬ ಜಪಾನಿ, ಗೋ ಗೋ ಗೋಮೆಜ್ ಎಂಬ ಮೆಕ್ಸಿಕನ್ನು. ಕೊನೆಯ ಇಬ್ಬರನ್ನು ಅಣಕಿಸಿದ ರೀತಿಗೆ ಇವತ್ತು ಯಾರಿಗೂ ನಗು ಬರುವುದಿಲ್ಲ. ಮೇಷ್ಟ್ರೂ ಇದನ್ನು ಸಮರ್ಥಿಸಲಿಲ್ಲ, "ಅದು ಬಿಡಿ" ಎಂದರು. ಅವರ ಬಾಯಿಂದ ಬಂದ ಅತ್ಯಂತ ಕಠಿಣ ವಿಮರ್ಶೆ ಅದು.

ಅದರ ಬದಲು ವಾರೆನ್ ಬೀಟಿಯ ಸುದ್ದಿ ತೆಗೆದರು. 1990ರಲ್ಲಿ ಟ್ರೇಸಿಯ ಸಿನಿಮಾ ಮಾಡಿದ ನಟ. ಹಕ್ಕು ಕೈತಪ್ಪಬಾರದೆಂದು 2010ರಲ್ಲಿ ಹಳದಿ ಕೋಟು ತೊಟ್ಟು ಟಿವಿಯಲ್ಲಿ ಅರ್ಧ ಗಂಟೆ ಸಂದರ್ಶನ ಕೊಟ್ಟ, ಬೀಟಿಯಾಗಿ ಅಲ್ಲ, ಟ್ರೇಸಿಯಾಗಿ! ಟ್ರಿಬ್ಯೂನ್‌ನವರ ಜೊತೆ ನಡೆದ ಮೊಕದ್ದಮೆಯಲ್ಲಿ ಗೆದ್ದ. 2023ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಮತ್ತೆ ಅದೇ ಕೋಟು, ಅದೇ ವೇಷ. ಪಿಂಚಣಿದಾರರು ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆಂದು ಸಹಿ ಹಾಕುವುದಿಲ್ಲವೇ, ಹಾಗೆ. ಮೇಷ್ಟ್ರಿಗೆ ಇದು ಚೆನ್ನಾಗಿ ಅರ್ಥವಾಯಿತು.

ನಿಮಗೂ ಈ ಗೀಳು ಹಿಡಿಯುವುದಿದ್ದರೆ ಹೊಸದರಿಂದ ಶುರುಮಾಡಬೇಡಿ, ತಲೆಬುಡ ತಿಳಿಯುವುದಿಲ್ಲ. ಗೌಲ್ಡ್ ಬರೆದದ್ದೆಲ್ಲ ಇಪ್ಪತ್ತೊಂಬತ್ತು ಸಂಪುಟಗಳಲ್ಲಿ ಅಚ್ಚಾಗಿದೆ. 1943ರ ಕೊನೆಗೆ ಫ್ಲ್ಯಾಟ್‌ಟಾಪ್ ಕಾಲಿಡುತ್ತಾನೆ, ಅಲ್ಲಿಂದ ಹಿಡಿಯಿರಿ. ಚಂದ್ರಲೋಕ ಬಂದಾಗ ಪುಟ ಮಗುಚಿದರೂ ನಷ್ಟವಿಲ್ಲ. 1961ರ ಕಾರ್ಟೂನನ್ನು ಮಾತ್ರ ಮೊಮ್ಮಕ್ಕಳಿಗೆ ತೋರಿಸಲು ಹೋಗಬೇಡಿ.