ಸದ್ಯಕ್ಕೆ ಮುಂದಿರುವ ಪರದೆ ಯಾವುದು?

ಮೊಬೈಲ್ ಆಪಿನಲ್ಲಿ ಈ ಗಳಿಗೆ ಕಣ್ಣೆದುರು ಇರುವ ಪರದೆ ಯಾವುದೆಂದು ಫೋನ್ ಹಿಡಿದವನಿಗೆ ಗೊತ್ತು, ಬಸ್ಸಿನಲ್ಲಿ ಪಕ್ಕ ಕೂತು ಇಣುಕುವವನಿಗೂ ಗೊತ್ತು. ಗೊತ್ತಿಲ್ಲದಿರುವುದು ಆ ಆಪಿನ ಕೋಡ್‌ಗೆ ಮಾತ್ರ. ಆಂಡ್ರಾಯ್ಡ್‌ನಲ್ಲಿ ಪರದೆಗೆ ‘ಆ್ಯಕ್ಟಿವಿಟಿ’ ಎಂದು ಹೆಸರು. ಅದನ್ನು ಹುಟ್ಟಿಸುವುದು, ಮುಂದೆ ತರುವುದು, ಜಾಗ ಸಾಲದಾಗ ಕೊಲ್ಲುವುದು ಎಲ್ಲ ಆಪರೇಟಿಂಗ್ ಸಿಸ್ಟಮ್‌ನ ಯಜಮಾನಿಕೆ. ಕೋಡ್ ಬರೆದವನನ್ನು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆ ಏಳುವುದು ಹಿನ್ನೆಲೆಯಿಂದ ಸುದ್ದಿಯೊಂದು ಬಂದಾಗ. ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆ ಎಲ್ಲಿದೆ ಎಂಬುದನ್ನು ಅರಣ್ಯ ಇಲಾಖೆ ಎಸ್ಸೆಮ್ಮೆಸ್ ಮೂಲಕ, ರಸ್ತೆ ಬದಿಯ ಎಲ್ಇಡಿ ಫಲಕದ ಮೂಲಕ ತಿಳಿಸುತ್ತದೆ. ಅದೇ ಸುದ್ದಿಯನ್ನು ಕಾಫಿ ತೋಟದ ಲೆಕ್ಕದ ಆಪೊಂದರ ಒಳಗೂ ತೋರಿಸಬೇಕು ಎಂದುಕೊಳ್ಳೋಣ. ಕುಯ್ಲಿನ ಸಂಜೆ ಲೆಕ್ಕ ಬರೆಯುವ ರೈಟರು ಹಣ್ಣಿನ ತೂಕ ಬರೆಯುತ್ತಿರಬಹುದು, ಇಲ್ಲವೇ ಆಳುಗಳ ಹಾಜರಿಯ ಚೆಕ್‌ರೋಲ್ ತುಂಬುತ್ತಿರಬಹುದು. ಎಚ್ಚರಿಕೆಯ ಡಯಲಾಗ್ ಪೆಟ್ಟಿಗೆ ತೆರೆಯಲು ಆಗ ಮುಂದಿರುವ ಆ್ಯಕ್ಟಿವಿಟಿಯೇ ಆಸರೆಯಾಗಬೇಕು. ಮುಗಿದುಹೋದ ಪರದೆಗೆ ಅದನ್ನು ತಗುಲಿಸಹೋದರೆ ‘ಬ್ಯಾಡ್‌ಟೋಕನ್‌ಎಕ್ಸೆಪ್ಶನ್’ ಎದ್ದು ಆಪ್ ಮಗುಚಿಕೊಳ್ಳುತ್ತದೆ. ಆನೆ ಬರುವ ಮೊದಲೇ ಆಪ್ ಪರಾರಿ.

ಮೊದಲೆಲ್ಲ ಮುಂದಿರುವ ಪರದೆಯನ್ನು ತಿಳಿಯಲು ‘ಗೆಟ್‌ರನ್ನಿಂಗ್‌ಟಾಸ್ಕ್ಸ್’ ಎಂಬ ಕರೆ ಬಳಕೆಯಲ್ಲಿತ್ತು. ಸಿಸ್ಟಮ್‌ನಲ್ಲಿ ಓಡುತ್ತಿರುವ ಕೆಲಸಗಳನ್ನೆಲ್ಲ ಅದು ಒಪ್ಪಿಸುತ್ತಿತ್ತು. ನೆರೆಮನೆಯ ಸುದ್ದಿಯೂ ಅದರಲ್ಲಿ ಸೇರಿರುತ್ತಿದ್ದರಿಂದ 2014ರ ಆಂಡ್ರಾಯ್ಡ್ 5.0 ಅದರ ಬಾಯಿಗೆ ಬೀಗ ಹಾಕಿತು. ಈಗ ಅದು ಹೆಚ್ಚುಕಡಿಮೆ ಸ್ವಂತ ಆಪಿನ ವಿಚಾರವನ್ನಷ್ಟೇ ಹೇಳುತ್ತದೆ.

ಸರಿಯಾದ ದಾರಿ 2011ರ ಆಂಡ್ರಾಯ್ಡ್ 4.0ರಲ್ಲೇ ಬಂದಿತ್ತು: ‘ಆ್ಯಕ್ಟಿವಿಟಿಲೈಫ್‌ಸೈಕಲ್‌ಕಾಲ್‌ಬ್ಯಾಕ್ಸ್’. ಹಿಂಡಿನ ಹಿಂದೆ ಕಾಡೆಲ್ಲ ಅಲೆಯುವ ಬದಲು ಹೆಣ್ಣಾನೆಯೊಂದರ ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ, ಅದು ಇರುವ ಜಾಗವನ್ನು ಅದರಿಂದಲೇ ಹೇಳಿಸಿಕೊಳ್ಳುವ ಉಪಾಯವಿದು. ‘ಅಪ್ಲಿಕೇಶನ್’ ಕ್ಲಾಸಿನಲ್ಲಿ ಒಮ್ಮೆ ನೋಂದಾಯಿಸಿದರೆ ಸಾಕು, ಯಾವ ಪರದೆ ಮುಂದೆ ಬಂದರೂ ‘ರೆಸ್ಯೂಮ್’ ಎಂಬ ಸುದ್ದಿ, ಹಿಂದೆ ಸರಿದರೆ ‘ಪಾಸ್’ ಎಂಬ ಸುದ್ದಿ ತಲುಪುತ್ತದೆ. ಬಂದದ್ದರ ಹೆಸರನ್ನು ಬರೆದಿಟ್ಟುಕೊಳ್ಳಬೇಕು, ಅಷ್ಟೆ.

ಆದರೆ ಅದು ಅಷ್ಟು ಸುಲಭವಲ್ಲ. ತೂಕದ ಪರದೆಯಿಂದ ಚೆಕ್‌ರೋಲ್‌ಗೆ ಹೋಗುವಾಗ ಮೊದಲು ತೂಕದ ‘ಪಾಸ್’, ಆಮೇಲೆ ಚೆಕ್‌ರೋಲ್‌ನ ‘ರೆಸ್ಯೂಮ್’, ಎಲ್ಲ ಮುಗಿದ ಮೇಲೆ ತೂಕದ ಪರದೆ ಪೂರ್ತಿ ಮರೆಯಾಯಿತೆಂಬ ‘ಸ್ಟಾಪ್’ ಬರುತ್ತದೆ. ‘ಸ್ಟಾಪ್’ ಬಂದೊಡನೆ ಬರೆದಿಟ್ಟ ಹೆಸರನ್ನು ಅಳಿಸುವ ಕೋಡ್, ತೂಕದ ಹೆಸರನ್ನು ಅಳಿಸಿದೆನೆಂದು ಭಾವಿಸಿ, ಈಗಷ್ಟೇ ಬಂದು ಕೂತ ಚೆಕ್‌ರೋಲನ್ನು ಅಳಿಸಿರುತ್ತದೆ. ಆದ್ದರಿಂದ ಅಳಿಸುವ ಮುನ್ನ ಅಲ್ಲಿರುವ ಹೆಸರು ಹೋಗುತ್ತಿರುವವನದೇ ಎಂದು ನೋಡಬೇಕು. ಒಬ್ಬ ಎದ್ದು ಇನ್ನೊಬ್ಬ ಕೂರುವ ನಡುವೆ ಯಾರೂ ಇಲ್ಲದ ಒಂದು ಕ್ಷಣವಿದೆ. ಸುದ್ದಿ ಆಗಲೇ ಬಂದರೆ ತುಸು ಕಾಯಿಸಬೇಕು.

ಇನ್ನು ಫೋನ್ ಅಡ್ಡ ತಿರುಗಿಸುವವರ ಕಾಟ. ಮಾಮೂಲಿನಂತೆ, ಫೋನ್ ತಿರುಗಿದೊಡನೆ ಆಂಡ್ರಾಯ್ಡ್ ಇದ್ದ ಪರದೆಯನ್ನು ಕೊಂದು ಅದೇ ಹೆಸರಿನ ಹೊಸದನ್ನು ಹುಟ್ಟಿಸುತ್ತದೆ. ಸತ್ತದ್ದನ್ನು ಕೋಡ್ ಬಿಗಿಯಾಗಿ ಹಿಡಿದುಕೊಂಡಿದ್ದರೆ ಮೆಮೊರಿ ಸೋರುತ್ತದೆ. ಅದಕ್ಕೇ ‘ವೀಕ್ ರೆಫರೆನ್ಸ್’ ಎಂಬ ಸಡಿಲ ಹಿಡಿತ: ಹೋಗುವವರು ಹೋಗಲಿ.

ಇಡೀ ಆಪ್ ಒಂದೇ ಆ್ಯಕ್ಟಿವಿಟಿಯಲ್ಲಿದ್ದು ಒಳಗೆ ‘ಫ್ರಾಗ್ಮೆಂಟ್’ ಎಂಬ ಪರದೆಯ ತುಂಡುಗಳು ಬದಲಾಗುವುದಾದರೆ, ಯಾವಾಗ ಕೇಳಿದರೂ ‘ಮೇನ್‌ಆ್ಯಕ್ಟಿವಿಟಿ’ ಎಂಬ ಒಂದೇ ಉತ್ತರ. ಸುಳ್ಳಲ್ಲ, ಪ್ರಯೋಜನವೂ ಇಲ್ಲ. ಅಲ್ಲಿ ಅವುಗಳ ನಡುವಿನ ಓಡಾಟ ನೋಡಿಕೊಳ್ಳುವ ‘ನ್ಯಾವ್‌ಕಂಟ್ರೋಲರ್’ನ ಸದ್ಯದ ನೆಲೆಯನ್ನು ವಿಚಾರಿಸಬೇಕು. ಇನ್ನೂ ತೊಡಕುಗಳಿವೆ. ಮೇಲಿನಿಂದ ನೋಟಿಫಿಕೇಶನ್ ಪಟ್ಟಿ ಎಳೆದು ಪರದೆಯನ್ನೆಲ್ಲ ಮುಚ್ಚಿದರೂ ‘ಪಾಸ್’ ಬರುವುದಿಲ್ಲ. ಆಂಡ್ರಾಯ್ಡ್ 10ರಿಂದ ಈಚೆಗಂತೂ ಪರದೆ ಇಬ್ಭಾಗವಾದಾಗ ಎರಡೂ ಭಾಗ ‘ನಾನೇ ಮುಂದೆ’ ಎನ್ನಬಹುದು. ತೀರ್ಪು ಕೊಡಲು ‘ಟಾಪ್‌ರೆಸ್ಯೂಮ್ಡ್’ ಎಂಬ ಬೇರೆಯೇ ಸೂಚನೆ ಇದೆ.

ಐಫೋನ್‌ನಲ್ಲಿ ಹೇಳಿಸಿಕೊಳ್ಳುವುದಕ್ಕಿಂತ ಹುಡುಕುವುದೇ ರೂಢಿ. ‘ವಿಂಡೋ’ ಎಂಬ ಕಿಟಕಿಯ ಬೇರಿನಲ್ಲಿರುವ ‘ರೂಟ್‌ವ್ಯೂಕಂಟ್ರೋಲರ್’ನಿಂದ ಹೊರಟು, ಅದರ ಮೇಲೆ ಬೇರೊಂದು ಕೂತಿದ್ದರೆ ಅದಕ್ಕೆ, ಟ್ಯಾಬ್ ಇದ್ದರೆ ಆಯ್ಕೆಯಾದದ್ದಕ್ಕೆ, ನ್ಯಾವಿಗೇಶನ್ ಇದ್ದರೆ ಕಾಣುತ್ತಿರುವುದಕ್ಕೆ ಹೀಗೆ ಹತ್ತುತ್ತಾ ತುದಿ ಮುಟ್ಟಬೇಕು. 2019ರ ಐಓಎಸ್ 13 ಒಂದೇ ಆಪಿಗೆ ಹಲವು ‘ಸೀನ್’ಗಳನ್ನು, ಅವಕ್ಕೆ ತಮ್ಮವೇ ಕಿಟಕಿಗಳನ್ನು ಕೊಟ್ಟ ಮೇಲೆ, ಯಾವ ಕಿಟಕಿಯಿಂದ ಹೊರಡಬೇಕೆಂಬುದೇ ಮೊದಲ ಪ್ರಶ್ನೆಯಾಗಿದೆ.

ಇಷ್ಟೆಲ್ಲ ತಿಳಿದವರು ಕೊನೆಗೆ ಕೊಡುವ ಸಲಹೆಯೆಂದರೆ, ಆದಷ್ಟೂ ಈ ಪ್ರಶ್ನೆಯನ್ನೇ ಕೇಳಬೇಡಿ. ಸುದ್ದಿಯನ್ನು ಒಂದೆಡೆ ಇಟ್ಟು ಪ್ರತಿ ಪರದೆಯೂ ತಾನು ಮುಂದಿರುವಾಗ ಅದನ್ನು ಗಮನಿಸುವಂತೆ ಬರೆದರೆ, ಮುಂದಿರುವವರು ಯಾರೆಂಬ ವಿಚಾರಣೆಯೇ ಬೇಡ. ಆಪ್ ತೆರೆದೇ ಇಲ್ಲದಿದ್ದರೆ ಗಂಟೆ ಬಾರಿಸುವ ನೋಟಿಫಿಕೇಶನ್ ಇದ್ದೇ ಇದೆ. ಆನೆಯ ವಿಷಯಕ್ಕೆ ಅದೇ ಲೇಸು. ಮುಂದಿರುವ ಪರದೆ ಯಾವುದೇ ಆಗಿರಲಿ, ಹೊತ್ತು ಮುಳುಗಿದ ಮೇಲೆ ಮಣ್ಣುರಸ್ತೆಯಲ್ಲಿ ಮನೆಗೆ ಹೊರಟವನ ಫೋನ್ ಜೇಬಿನಲ್ಲಿರುತ್ತದೆ.