ಅಮೆರಿಕನ್ ಕಾದಂಬರಿಗಳ ಸಂಕೇತಜಾತಿ ನಿರ್ಣಯ

ಸಂಕೇತವಿಲ್ಲದ ಅಮೆರಿಕನ್ ಕಾದಂಬರಿ ಇಲ್ಲ. ಇದ್ದರೂ ಅದನ್ನು ಎಂ.ಎ. ಪಠ್ಯಕ್ಕೆ ಇಡುವುದಿಲ್ಲ. ಬಿಳಿ ತಿಮಿಂಗಿಲ, ಕೆಂಪು ಅಕ್ಷರ, ಹಸಿರು ದೀಪ, ಹಳದಿ ಕಾರು ಎಂಬ ಈ ಬಣ್ಣಬಣ್ಣದ ಸಂತತಿಗೆ ನಮ್ಮ ಗೈಡುಗಳು ಮಾಡಿರುವ ವಿಂಗಡಣೆ ಒಂದೇ: ಎಡಕ್ಕೆ ವಸ್ತು, ಬಲಕ್ಕೆ ಅರ್ಥ, ನಡುವೆ ಸಮ ಚಿಹ್ನೆ. ಹಸಿರು ದೀಪವೆಂದರೆ ಕನಸು. ತಿಮಿಂಗಿಲವೆಂದರೆ ದೇವರು, ಇಲ್ಲವೇ ಸೈತಾನ, ಇಲ್ಲವೇ ಪ್ರಕೃತಿ. ಐದು ಅಂಕದ ಪ್ರಶ್ನೆಯಾದರೆ ಒಂದು, ಹದಿನೈದರದ್ದಾದರೆ ಮೂರೂ. ಇದನ್ನು ಶಾಸ್ತ್ರ ಎನ್ನಲಾಗದು. ಶಾಸ್ತ್ರಕ್ಕೆ ಲಕ್ಷಣ ಬೇಕು, ಲಕ್ಷ್ಯ ಬೇಕು, ಪೂರ್ವಪಕ್ಷ ಬೇಕು, ಕೊನೆಗೆ ಹೇಗಾದರೂ ಒಂದು ಸಿದ್ಧಾಂತವೂ ಬೇಕು. ಆ ಕೊರತೆ ನೀಗಲೆಂದು ಈ ಪ್ರಯತ್ನ.

ಪೂರ್ವಾಚಾರ್ಯರಿಗೆ ನಮಸ್ಕರಿಸದೆ ಮುಂದೆ ಹೋಗುವಂತಿಲ್ಲ. ಈ ದಾರಿಯಲ್ಲಿ ಆಚಾರ್ಯ ಒಬ್ಬನೇ: ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ (1851) ಕಾದಂಬರಿಯ ನಿರೂಪಕ ಇಷ್ಮೇಲ್. 32ನೇ ಅಧ್ಯಾಯದಲ್ಲಿ ಆತ ಕಥೆಯನ್ನು ನಡುಗಡಲಲ್ಲಿ ನಿಲ್ಲಿಸಿ ತಿಮಿಂಗಿಲಗಳ ಜಾತಿ ನಿರ್ಣಯಕ್ಕೆ ಕೂರುತ್ತಾನೆ. ತಿಮಿಂಗಿಲ ಮೀನಲ್ಲ ಎಂದು ಲಿನೇಯಸ್ ಸಾರಿದ್ದು ಆತನಿಗೆ ಗೊತ್ತು. ಬಿಸಿರಕ್ತ, ಶ್ವಾಸಕೋಶ ಮುಂತಾದ ಕಾರಣಗಳೂ ಗೊತ್ತು. ಆದರೂ ಪ್ರತ್ಯಕ್ಷ, ಅನುಮಾನ ಎರಡನ್ನೂ ಪಕ್ಕಕ್ಕಿಟ್ಟು, ಆಪ್ತವಾಕ್ಯಕ್ಕೆಂದು ಬೈಬಲ್ಲಿನ ಯೋನನನ್ನು ಕರೆದು, ತಿಮಿಂಗಿಲ ಮೀನೇ ಎಂದು ತೀರ್ಪು ಕೊಡುತ್ತಾನೆ. ಆಮೇಲೆ ಗಾತ್ರ ನೋಡಿ ಫೋಲಿಯೊ, ಆಕ್ಟೇವೊ, ಡ್ಯುಯೊಡೆಸಿಮೊ ಎಂದು ಮೂರು ವರ್ಗ. ಮೂರೂ ಪುಸ್ತಕಗಳ ಅಳತೆಗಳು. ನಡುವಿನ ಕ್ವಾರ್ಟೊ ಎಲ್ಲಿ ಹೋಯಿತು ಎಂದು ಕೇಳುವವರಿಗೆ ಅಡಿಟಿಪ್ಪಣಿಯಲ್ಲಿ ಉತ್ತರ ಸಿದ್ಧವಿದೆ: ಎರಡನೇ ವರ್ಗದ ತಿಮಿಂಗಿಲಗಳು ಚಿಕ್ಕವಾದರೂ ಮೈಕಟ್ಟಿನಲ್ಲಿ ದೊಡ್ಡವನ್ನೇ ಹೋಲುತ್ತವೆ, ಕ್ವಾರ್ಟೊ ಪುಸ್ತಕ ಫೋಲಿಯೊದ ಆಕಾರ ಉಳಿಸಿಕೊಳ್ಳುವುದಿಲ್ಲ, ಆಕ್ಟೇವೊ ಉಳಿಸಿಕೊಳ್ಳುತ್ತದೆ. ಇಷ್ಟು ಕಟ್ಟುನಿಟ್ಟಾಗಿ ಶುರುವಾದ ಶಾಸ್ತ್ರವನ್ನು ಆತ ಮುಗಿಸದೆಯೇ ಎದ್ದುಹೋಗುತ್ತಾನೆ. ನಾವೂ ಅದೇ ಪರಂಪರೆಯವರು.

ಆದರೆ ನಮ್ಮ ವಿಂಗಡಣೆಗೆ ಗಾತ್ರ ಆಧಾರವಲ್ಲ, ಬಣ್ಣವೂ ಅಲ್ಲ. ಅರ್ಥವಂತೂ ಅಲ್ಲವೇ ಅಲ್ಲ. ಅರ್ಥವನ್ನು ಹೊರಿಸಿದವರು ಯಾರು ಎಂಬುದೊಂದೇ ಪ್ರಶ್ನೆ. ಇದಕ್ಕೆ ಚರಿತ್ರೆಯ ಬೆಂಬಲವೂ ಇದೆ. ನಥಾನಿಯಲ್ ಹಾಥಾರ್ನ್ ಸೇಲಂ ಬಂದರಿನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿದ್ದು, 1849ರಲ್ಲಿ ಸರ್ಕಾರ ಬದಲಾದಾಗ ಕೆಲಸ ಕಳೆದುಕೊಂಡವನು. ಮರುವರ್ಷವೇ ‘ದಿ ಸ್ಕಾರ್ಲೆಟ್ ಲೆಟರ್’ ಬಂತು. ಮೆಲ್ವಿಲ್ 1866ರಿಂದ 19 ವರ್ಷ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಇನ್‌ಸ್ಪೆಕ್ಟರ್. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡು ಫಲವಿಲ್ಲ ಎನ್ನುತ್ತದೆ ನಮ್ಮ ಗಾದೆ. ಅಲ್ಲಿ ಸುಂಕದವರೇ ಊರಿನ ಸುಖದುಃಖ ಬರೆದಿಟ್ಟರು. ಆದ್ದರಿಂದ ಸರಕನ್ನು ಘೋಷಿಸಿದವರು ಯಾರು, ಬಚ್ಚಿಟ್ಟವರು ಯಾರು, ನನ್ನದಲ್ಲ ಎಂದವರು ಯಾರು ಎಂದು ವಿಚಾರಿಸುವುದೇ ನಮ್ಮ ಕ್ರಮ.

ಮೊದಲನೆಯದು ಘೋಷಿತ ಸಂಕೇತ. ಲೇಖಕನೇ ಬಾಗಿಲಲ್ಲಿ ನಿಂತು ತೋರಿಸುವುದು ಇದರ ಲಕ್ಷಣ. ಸುಂಕದ ಕಚೇರಿಯ ಮಹಡಿಯ ಮೇಲೆ ಹಳೆಯ ಕಾಗದಗಳ ನಡುವೆ ಬಟ್ಟೆಯ ‘ಎ’ ಅಕ್ಷರವೊಂದು ಸಿಕ್ಕಿತೆಂದು ಹಾಥಾರ್ನ್ ಪೀಠಿಕೆಯಲ್ಲಿ ಕಥೆ ಕಟ್ಟುತ್ತಾನೆ. ಅಧಿಕಾರಿಯ ಅಭ್ಯಾಸ ನೋಡಿ, ಅಳತೆಯನ್ನೂ ಕೊಡುತ್ತಾನೆ: ಅಕ್ಷರದ ಒಂದೊಂದು ಕಾಲೂ ಸರಿಯಾಗಿ ಮೂರೂಕಾಲು ಅಂಗುಲ. ಎದೆಗಿಟ್ಟುಕೊಂಡರೆ ಸುಟ್ಟಂತಾಯಿತಂತೆ. ಇಷ್ಟು ಘೋಷಿಸಿದ ಮೇಲೆ ಅರ್ಥವನ್ನೂ ಹೇಳಬೇಕಲ್ಲವೇ? ಇಲ್ಲ. ಹೆಸ್ಟರ್ ಪ್ರಿನ್‌ಳ ಎದೆಯ ಮೇಲಿನ ಆ ಅಕ್ಷರ ಯಾವ ಅಪರಾಧದ ಗುರುತು ಎಂಬುದನ್ನು ಕಾದಂಬರಿ ಹೆಸರಿಟ್ಟು ಹೇಳುವುದೇ ಇಲ್ಲ. ಊರಿನವರು ಆಕೆ ರೋಗಿಗಳ ಆರೈಕೆ ಮಾಡುವುದನ್ನು ನೋಡಿ ‘ಎ’ ಎಂದರೆ ಸಮರ್ಥೆ ಎನ್ನತೊಡಗುತ್ತಾರೆ. ಒಂದು ರಾತ್ರಿ ಆಕಾಶದಲ್ಲಿ ಉಲ್ಕೆಯೊಂದು ಅದೇ ಆಕಾರದಲ್ಲಿ ಬೆಳಗಿದಾಗ ಪಾದ್ರಿ ಡಿಮ್ಸ್‌ಡೇಲ್‌ಗೆ ಅದು ತನ್ನ ಪಾಪದ ಪ್ರಕಟಣೆಯಾಗಿ ಕಾಣುತ್ತದೆ. ಬೆಳಿಗ್ಗೆ ಚರ್ಚಿನ ಸೇವಕ ಬಂದು, ನಿನ್ನೆ ರಾತ್ರಿ ತೀರಿಕೊಂಡ ಗವರ್ನರ್ ದೇವದೂತರಾದರು ಎಂಬುದಕ್ಕೆ ಸಾಕ್ಷಿ ಎನ್ನುತ್ತಾನೆ. ಅಂದರೆ ಘೋಷಿತ ಜಾತಿಯ ಸಂಕೇತ ತುಸು ತಡೆದು ನೋಡಿದರೆ ಎರಡನೆಯ ಜಾತಿಗೆ ಜಾರುತ್ತದೆ. ಇದನ್ನು ದೋಷವೆಂದು ಯಾರೂ ಎತ್ತಬಾರದು. ಸಂಕರವಿಲ್ಲದ ಜಾತಿ ಎಲ್ಲಿಯೂ ಇಲ್ಲ.

ಎರಡನೆಯದು ಆರೋಪಿತ ಸಂಕೇತ: ಕಥೆಯೊಳಗಿನವರೇ ಅರ್ಥ ಹೊರಿಸುವಂಥದ್ದು. ಇದು ಉತ್ತಮೋತ್ತಮ ಎಂಬುದು ನಮ್ಮ ಮತ. ಇದಕ್ಕೆ ಲಕ್ಷ್ಯ ‘ಮೋಬಿ ಡಿಕ್’ನ 99ನೇ ಅಧ್ಯಾಯ. ಬಿಳಿ ತಿಮಿಂಗಿಲವನ್ನು ಮೊದಲು ಕಂಡವರಿಗೆಂದು ಕ್ಯಾಪ್ಟನ್ ಏಹಬ್ ಹಡಗಿನ ದೊಡ್ಡ ಕೂವೆಗೆ ಹದಿನಾರು ಡಾಲರ್ ಬೆಲೆಯ ಚಿನ್ನದ ನಾಣ್ಯ ಹೊಡೆದಿದ್ದಾನೆ. ಈಕ್ವೆಡಾರ್ ದೇಶದ್ದು, ಮೂರು ಶಿಖರಗಳು, ಅವುಗಳ ಮೇಲೆ ಜ್ವಾಲೆ, ಗೋಪುರ, ಕೂಗುವ ಹುಂಜ. ಒಬ್ಬೊಬ್ಬರೇ ಬಂದು ಅದರ ಮುಂದೆ ನಿಲ್ಲುತ್ತಾರೆ. ಏಹಬ್‌ಗೆ ಮೂರರಲ್ಲೂ ಏಹಬ್ಬೇ ಕಾಣುತ್ತಾನೆ. ದೈವಭೀರು ಸ್ಟಾರ್‌ಬಕ್‌ಗೆ ತ್ರಿಯೇಕ ದೇವರು. ಸ್ಟಬ್ ಪಂಚಾಂಗ ತಂದು ಅಂಚಿನ ರಾಶಿಚಕ್ರದಲ್ಲಿ ಮನುಷ್ಯನ ಇಡೀ ಆಯುಷ್ಯ ಓದುತ್ತಾನೆ. ಫ್ಲಾಸ್ಕ್ ಮಾತ್ರ ನೇರ ಲೆಕ್ಕಕ್ಕೆ ಇಳಿಯುತ್ತಾನೆ: ಎರಡು ಸೆಂಟಿಗೊಂದು ಚುಟ್ಟಾ, ಹದಿನಾರು ಡಾಲರಿಗೆ 960 ಚುಟ್ಟಾ. ಓದುಗರು ಪೆನ್ಸಿಲ್ ಹಿಡಿದು ನೋಡಲಿ, ಬರಬೇಕಾದ್ದು 800. ಸಂಕೇತಗಳನ್ನು ನಂಬದ ಏಕೈಕ ವಾಸ್ತವವಾದಿಯೇ ಗಣಿತದಲ್ಲಿ ಫೇಲಾಗಿದ್ದಾನೆ. (ಆ 160 ಚುಟ್ಟಾಗಳ ಸಾಂಕೇತಿಕತೆ ಏನು ಎಂದು ಕೇಳುವವರು ದಯಮಾಡಿ ಐದನೆಯ ಜಾತಿಯವರೆಗೆ ಕಾಯಬೇಕು.) ಕೊನೆಗೆ ಬುದ್ಧಿ ಕದಡಿದ ಹುಡುಗ ಪಿಪ್ ಬಂದು, ಯಾರು ಯಾರು ನೋಡುತ್ತಾರೆ ಎಂಬುದನ್ನಷ್ಟೇ ವ್ಯಾಕರಣದ ಪಾಠದಂತೆ ಒಪ್ಪಿಸಿ ಹೋಗುತ್ತಾನೆ. ಹಡಗಿನಲ್ಲಿ ವಿಮರ್ಶಕನೆಂದರೆ ಅವನೊಬ್ಬನೇ.

ಇದೇ ಜಾತಿಯ ಇನ್ನೊಂದು ಕುಲ ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ (1925)ಯಲ್ಲಿದೆ. ಬೂದಿಯ ಬಯಲಿನ ಮೇಲೆ ಹಳದಿ ಕನ್ನಡಕದ ಎರಡು ದೊಡ್ಡ ನೀಲಿ ಕಣ್ಣುಗಳು, ಡಾಕ್ಟರ್ ಟಿ. ಜೆ. ಎಕಲ್‌ಬರ್ಗ್ ಎಂಬ ಕಣ್ಣಿನ ವೈದ್ಯನ ಜಾಹೀರಾತು ಹಲಗೆ. ಹೆಂಡತಿಯನ್ನು ಕಳೆದುಕೊಂಡ ಗ್ಯಾರೇಜಿನ ವಿಲ್ಸನ್ ಬೆಳಗಿನ ಜಾವ ಆ ಕಣ್ಣು ನೋಡುತ್ತಾ ದೇವರು ಎಲ್ಲವನ್ನೂ ನೋಡುತ್ತಾನೆ ಎನ್ನುತ್ತಾನೆ. ಪಕ್ಕದಲ್ಲಿದ್ದ ಮೈಕೆಲಿಸ್, ಅದು ಜಾಹೀರಾತು ಕಣಯ್ಯಾ ಎಂದು ಸಮಾಧಾನ ಹೇಳುತ್ತಾನೆ. ಕಣ್ಣು ದೇವರ ಸಂಕೇತ ಎಂದು ಬರೆಯುವ ನಮ್ಮ ಗೈಡುಗಳು ವಿಲ್ಸನ್ ಪಕ್ಷ. ಮೈಕೆಲಿಸ್ ಪಕ್ಷಕ್ಕೆ ಇನ್ನೂ ಒಂದು ಗೈಡು ಬಂದಿಲ್ಲ. ಹಸಿರು ದೀಪದ್ದೂ ಇದೇ ಕಥೆ. ಗ್ಯಾಟ್ಸ್‌ಬಿ ಹಂಬಲಿಸುತ್ತಿದ್ದ ಡೇಸಿ ಆತನ ತೋಳಿಗೆ ತೋಳು ಸೇರಿಸಿ ನಿಂತ ಕ್ಷಣ, ಕೊಲ್ಲಿಯಾಚೆಯ ಆ ದೀಪ ಮತ್ತೆ ಬರೀ ಕಟ್ಟೆಯ ದೀಪವಾಯಿತೆಂದು ಕಥೆ ಹೇಳುವ ನಿಕ್ ಗುರುತಿಸುತ್ತಾನೆ. ಕಾದಂಬರಿಯ ನಡುವಿನಲ್ಲೇ ಗ್ಯಾಟ್ಸ್‌ಬಿಯ ಪಾಲಿಗೆ ಮುಗಿದ ಸಂಕೇತವನ್ನು ನಾವು ಪರೀಕ್ಷೆಯವರೆಗೂ ಉರಿಸುತ್ತೇವೆ.

ಮೂರನೆಯದು ಗೂಢ ಸಂಕೇತ. ವಸ್ತು ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿರುತ್ತದೆ, ಅರ್ಥ ತಳದಲ್ಲಿ ಸಾಗುತ್ತದೆ. ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ (1939) ಮೂರನೇ ಅಧ್ಯಾಯದಲ್ಲಿ ಆಮೆಯೊಂದು ರಸ್ತೆ ದಾಟುತ್ತದೆ. ಕಾರಿನ ಹೆಂಗಸು ತಪ್ಪಿಸಲೆಂದು ಪಕ್ಕಕ್ಕೆಳೆಯುತ್ತಾಳೆ, ಲಾರಿಯವನು ಹೊಡೆಯಲೆಂದೇ ಪಕ್ಕಕ್ಕೆಳೆಯುತ್ತಾನೆ. ಆಮೆ ಚಿಮ್ಮಿ ಬಿದ್ದು, ಹೊರಳಿ, ಕಾಲಿಗೆ ಸಿಕ್ಕ ಓಟ್ಸ್ ತೆನೆಯ ಬೀಜ ಉದುರಿಸಿ, ಚಿಪ್ಪಿನಿಂದ ಮಣ್ಣೆಳೆದು ಮುಚ್ಚಿ ಮುಂದೆ ಹೋಗುತ್ತದೆ. ರಾಲ್ಫ್ ಎಲಿಸನ್‌ನ ‘ಇನ್‌ವಿಸಿಬಲ್ ಮ್ಯಾನ್’ (1952) ಇನ್ನೂ ಗಟ್ಟಿ. ಲಿಬರ್ಟಿ ಪೇಂಟ್ಸ್ ಕಾರ್ಖಾನೆಯಲ್ಲಿ ಕಪ್ಪು ತರುಣನಿಗೆ ಕೊಟ್ಟ ಕೆಲಸ: ಪ್ರತಿ ಬಕೆಟ್ ಬಿಳಿ ಬಣ್ಣಕ್ಕೆ ಹತ್ತು ಹನಿ ಕಪ್ಪು ದ್ರವ ಹಾಕಿ, ಅದು ಕಾಣದಂತಾಗುವವರೆಗೆ ಕಲಸುವುದು. ಆ ಬಣ್ಣ ಹೋಗುವುದು ರಾಷ್ಟ್ರೀಯ ಸ್ಮಾರಕಕ್ಕೆ. ವ್ಯಾಖ್ಯಾನ ಅನವಶ್ಯಕ.

   

ನಾಲ್ಕನೆಯದು ನಿರಾಕೃತ ಸಂಕೇತ, ಲೇಖಕ ಕೈತೊಳೆದುಕೊಂಡದ್ದು. ‘ಹಕಲ್‌ಬೆರಿ ಫಿನ್’ನ ಬಾಗಿಲಲ್ಲೇ ಮಾರ್ಕ್ ಟ್ವೈನ್, ನೀತಿ ಹುಡುಕುವವರಿಗೆ ಗಡೀಪಾರು ಎಂದು ನೋಟೀಸು ಅಂಟಿಸಿದ. ಹೆಮಿಂಗ್ವೇ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಬಂದ 1952ರಲ್ಲೇ ಕಲಾವಿಮರ್ಶಕ ಬೆರೆನ್ಸನ್‌ಗೆ ಪತ್ರ ಬರೆದು, ಕಡಲು ಬರೀ ಕಡಲು, ಮುದುಕ ಬರೀ ಮುದುಕ, ಸಂಕೇತವೆಂಬುದು ಯಾವುದೂ ಇಲ್ಲ ಎಂದ. ಒಪ್ಪೋಣ. ಆದರೆ ಶಾರ್ಕ್‌ಗಳು ಬಂದಾಗ ಮುದುಕ ಹೊರಡಿಸುವ ಸದ್ದನ್ನು ಅಂಗೈಗೆ ಮೊಳೆ ಹೊಡೆಸಿಕೊಂಡವನ ಸದ್ದಿಗೆ ಹೋಲಿಸಿದವರು ಯಾರು? ಕೂವೆಯನ್ನು ಹೆಗಲಿಗೇರಿಸಿ ದಿಣ್ಣೆ ಹತ್ತಿಸಿ, ನಡುವೆ ಬೀಳಿಸಿ, ಕೊನೆಗೆ ಕೈ ಚಾಚಿ ಮಲಗಿಸಿದವರು ಯಾರು? ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ಮಾತು ಬೆಸ್ತನ ಈ ಕಥೆಗೆ ಹೊಂದುವಷ್ಟು ಇನ್ಯಾವುದಕ್ಕೂ ಹೊಂದದು.

ಐದನೆಯದು ಪ್ರಕ್ಷಿಪ್ತ: ಓದುಗರು, ಮೇಷ್ಟ್ರು, ಪ್ರಶ್ನೆಪತ್ರಿಕೆ ತೆಗೆಯುವವರು ಆಮೇಲೆ ಸೇರಿಸಿದ್ದು. 1963ರಲ್ಲಿ ಕ್ಯಾಲಿಫೋರ್ನಿಯಾದ 16 ವರ್ಷದ ಹುಡುಗನೊಬ್ಬ ಇದರಿಂದ ಬೇಸತ್ತು, ನೀವು ಬೇಕೆಂದೇ ಸಂಕೇತ ಇಡುತ್ತೀರಾ ಎಂದು ಸುಮಾರು 150 ಲೇಖಕರಿಗೆ ಅಂಚೆಯಲ್ಲಿ ಪ್ರಶ್ನೆ ಕಳಿಸಿದ. ಅರ್ಧದಷ್ಟು ಮಂದಿ ಉತ್ತರಿಸಿಯೂಬಿಟ್ಟರು. ಈ ಜಾತಿಯನ್ನೇ ಬಹಿಷ್ಕರಿಸಬೇಕು ಎಂಬುದು ಪೂರ್ವಪಕ್ಷ. ಸಲ್ಲದು. ಏಹಬ್ ಮಾಡಿದ್ದೂ ಪ್ರಕ್ಷೇಪವೇ, ವಿಲ್ಸನ್ ಮಾಡಿದ್ದೂ ಅದೇ. ನಾವು ಅದೇ ಸಾಲಿನಲ್ಲಿ ಕೊನೆಗೆ ನಿಂತವರು. ತಪ್ಪಾಗುವುದು, ನಮಗೆ ಕಂಡದ್ದನ್ನು ನಾಣ್ಯದ ಮೇಲೇ ಅಚ್ಚಾಗಿತ್ತು ಎಂದಾಗ.

ಆದ್ದರಿಂದ ಪರೀಕ್ಷೆಗೆ ಕೂರುವವರಲ್ಲಿ ವಿನಂತಿ: ಇದು ಇಂಥದರ ಸಂಕೇತ ಎಂದು ಬರೆಯುವ ಮುಂಚೆ ಯಾರ ಕಣ್ಣಿಗೆ ಎಂಬುದನ್ನೂ ಸೇರಿಸಿ. ಅಂಕ ಬರದಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ.