ನೆಲಮಾಳಿಗೆಯ ನೌಕರರಿಗೆ

ಸನ್ಮಾನ್ಯ ನೈಟ್ರೊಸೊಮೊನಾಸ್ ಮತ್ತು ಬಳಗದವರೇ,

ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ) ಬಾಡಿಗೆಯಿಲ್ಲದೆ ವಾಸವಾಗಿರುವ ಬ್ಯಾಕ್ಟೀರಿಯಾಗಳಾದ ತಮಗೆ ನಿವಾಸಿಗಳ ಸಂಘದ ಖಜಾಂಚಿಯ ನಮಸ್ಕಾರ. ಈ ತಿಂಗಳೂ ಅಮೋನಿಯ ಮಿತಿ ಮೀರಿದೆ. ನಿಮ್ಮ ಮೇಲೆ ಶಿಸ್ತುಕ್ರಮ ಯಾಕೆ ಜರುಗಿಸಬಾರದು ಎಂಬುದಕ್ಕೆ ಸಮಜಾಯಿಷಿ ಕೊಡಿ.

ನಿಮ್ಮ ಉತ್ತರ ನನಗೆ ಗೊತ್ತು. ಅಮೋನಿಯದ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಗ್ರಾಂ ಆಮ್ಲಜನಕ ಬೇಕು, ಅದಕ್ಕೆ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ಕರೆಂಟ್ ಬಿಲ್ ಕಟ್ಟುವವರು ನೀವೋ ನಾನೋ? ರಾತ್ರಿ ಹನ್ನೊಂದಕ್ಕೆ ಸ್ವಿಚ್ ಆರಿಸಿದರೆ ಬೆಳಗಿನವರೆಗೆ ಉಸಿರು ಬಿಗಿಹಿಡಿಯಲಾರಿರಾ? ಇ. ಕೋಲಿಯನ್ನು ನೋಡಿ ಕಲಿಯಿರಿ, ಅನುಕೂಲವಿದ್ದರೆ 20 ನಿಮಿಷಕ್ಕೆ ಸಂಸಾರ ದುಪ್ಪಟ್ಟು. ನಿಮಗೆ ಅರ್ಧ ದಿನವೋ ಒಂದು ದಿನವೋ ಬೇಕು. ಒಮ್ಮೆ ಸತ್ತಿರೋ, ಹೊಸಬರು ತಯಾರಾಗಲು ವಾರಗಟ್ಟಲೆ.

ಇನ್ನು ನೈಟ್ರೇಟನ್ನು ಮುರಿದು ಸಾರಜನಕವನ್ನು ಗಾಳಿಗೆ ಬಿಡುವ ನಿಮ್ಮ ದಾಯಾದಿಗಳು. ಅವರಿಗೆ ಗಾಳಿ ಬೇಡ, ಊಟ ಬೇಕು. ಆದರೆ ನೈಟ್ರೇಟ್ ಸಿದ್ಧವಾಗುವಷ್ಟರಲ್ಲಿ ಕೊಳಚೆಯ ಇಂಗಾಲವನ್ನೆಲ್ಲ ಮೊದಲ ಪಂಕ್ತಿಯವರು ಬಳಿದು ತಿಂದಿರುತ್ತಾರೆ. ಎರಡನೇ ಪಂಕ್ತಿಗೆ ಬರೀ ಎಲೆ. ಹೊರದೇಶಗಳಲ್ಲಿ ಮೆಥನಾಲ್ ಬಡಿಸುತ್ತಾರಂತೆ. ಘಟಕ ಶುರುವಾದ ದಿನ ನಾವು ಹಾಕಿದ ಬೆಲ್ಲ, ಸಗಣಿಯನ್ನೇ ನೆನೆದುಕೊಂಡು ದುಡಿಯಬಾರದೇ?

ನೀವು ತೆಗೆಯದೆ ಬಿಟ್ಟ ಸಾರಜನಕ ರಾಜಕಾಲುವೆ ಹಿಡಿದು ಕೆರೆ ಸೇರಿ ಜೊಂಡು ಬೆಳೆಸುತ್ತಿದೆ. ಬ್ರೋಕರುಗಳು ಅದನ್ನು ಹಸಿರು ನೋಟ ಎನ್ನುತ್ತಾರೆ, ಆ ಮಾತು ಬೇರೆ.

ಈಗ ಹೊಸ ಸಂಬಳ ಪದ್ಧತಿಯೊಂದು ಕಿವಿಗೆ ಬಿದ್ದಿದೆ: ಊಟದ ಬದಲು ನಗದು, ಅಂದರೆ ಎಲೆಕ್ಟ್ರಾನು. 2004ರಲ್ಲಿ ಅಮೆರಿಕದ ಡೆರೆಕ್ ಲವ್ಲಿ ಬಳಗದ ಪ್ರಯೋಗದಲ್ಲಿ ಜಿಯೊಬ್ಯಾಕ್ಟರ್, ಗ್ರಾಫೈಟ್ ಎಲೆಕ್ಟ್ರೋಡಿನಿಂದ ನೇರ ಎಲೆಕ್ಟ್ರಾನ್ ಪಡೆದು ನೈಟ್ರೇಟನ್ನು ನೈಟ್ರೈಟಿಗೆ ಇಳಿಸಿತು. ಮುಂದೆ ಲ್ಯಾಬುಗಳಲ್ಲಿ ಇನ್ನೂ ಚಂದದ ಏರ್ಪಾಡಾಯಿತು. ಆನೋಡಿನ ಮೇಲೆ ಕೂತವರು ಕೊಳಚೆ ತಿನ್ನುತ್ತಾರೆ; ಅವರು ಬಿಟ್ಟ ಎಲೆಕ್ಟ್ರಾನು ತಂತಿಯಲ್ಲಿ ಹರಿದು ಕ್ಯಾಥೋಡಿನವರ ಬಟವಾಡೆಯಾಗುತ್ತದೆ. ಅವರು ನೈಟ್ರೇಟನ್ನು ಅನಿಲವಾಗಿಸಿ ಬಿಡುತ್ತಾರೆ. ಮೊದಲ ಪಂಕ್ತಿಯ ಊಟವೇ ಎರಡನೆಯವರ ಸಂಬಳ! ಓದಿ ಖಜಾಂಚಿಯ ಕಣ್ಣು ತುಂಬಿಬಂತು. ಅಮೋನಿಯದ ಹಂತಕ್ಕೆ ನಿಮಗೆ ಹೇಗೂ ಗಾಳಿ ಬೇಕೇ ಬೇಕು ಎಂದು ಕೆಳಗೆ ಬರೆದಿತ್ತು. ಆ ಸಾಲನ್ನು ಸಭೆಯಲ್ಲಿ ಓದಲಿಲ್ಲ.

ವಿಷಯ ಮಂಡಿಸಿದೆ. ಕಾರ್ಯಕಾರಿ ಸಮಿತಿ ಒಂದೇ ಪ್ರಶ್ನೆ ಕೇಳಿತು: ಈ ಎಲೆಕ್ಟ್ರೋಡನ್ನೂ ರಾತ್ರಿ ಆರಿಸಬಹುದಲ್ಲವೇ?

ತಮ್ಮ ವಿಶ್ವಾಸಿ,
ಖಜಾಂಚಿ

ವಿ.ಸೂ.: ನಾಳೆ ತಪಾಸಣೆಗೆ ಬರುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಬ್ಲೋವರ್ ಇರುತ್ತದೆ.